ಗುಡುಗಪ್ಪನ ಬಹುವಚನ

ಗುಡುಗಪ್ಪ ಎಂಬುದು ಅವನ ನಿಜವಾದ ಹೆಸರಲ್ಲ. ನಿಜವಾದದ್ದು ಹಾಜರಿ ಪುಸ್ತಕದಲ್ಲಿತ್ತು; ಅದನ್ನು ಯಾರಾದರೂ ಕೂಗಿದರೆ ಅವನೇ ಆಚೀಚೆ ನೋಡುತ್ತಿದ್ದ. ಆಳು ನೋಡಿದರೆ ಐದಡಿಯ ಮೇಲೆ ಎರಡು ಬೆರಳು, ಕೊಕ್ಕರೆಯಂಥ ಕತ್ತು. ಆ ಕತ್ತಿನೊಳಗಿಂದ ಅಂಥ ದನಿ ಹೇಗೆ ಹೊರಡುತ್ತದೆ ಎಂದು ಹೊಸಬರು ಬೆರಗಾಗುತ್ತಿದ್ದರು. ಲಾಂಡ್ರಿಯ ಹಿಂಬಾಗಿಲಲ್ಲಿ ನಿಂತು ಅವನು ಒಮ್ಮೆ ಕೆಮ್ಮಿದರೆ ಮುಂಬಾಗಿಲಲ್ಲಿದ್ದ ವ್ಯಾನಿನ ಡ್ರೈವರು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

ಆ ದನಿ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ, ಮನೆಯಿಂದ ಬಂದದ್ದು. ಅವನ ತಾಯಿಗೆ ಕಿವಿ ಮಂದ. ಹಸಿವಾದರೆ ಕೂಗಬೇಕು, ಹೊಟ್ಟೆ ತುಂಬಿದರೂ ಕೂಗಬೇಕು. ಅಮ್ಮ, ನೀನು ಇವತ್ತು ಚೆನ್ನಾಗಿ ಕಾಣುತ್ತೀಯ ಎಂದು ಅವನು ಒಮ್ಮೆ ಹೇಳಿದ್ದನ್ನು ಬೀದಿಯ ಕೊನೆಯ ಮನೆಯವರೂ ಕೇಳಿಸಿಕೊಂಡು ವಾರಗಟ್ಟಲೆ ಆಡಿಕೊಂಡಿದ್ದರು. ಆ ಮನೆಯಲ್ಲಿ ಮೆತ್ತಗೆ ಮಾತಾಡುವುದೆಂದರೆ ಅವಳಿಗೆ ತಿಳಿಯಬಾರದ ಸಂಗತಿ ಎಂದೇ ಅರ್ಥ. ಅಪ್ಪನ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ನೆಂಟರು ಮಾತಾಡಿಕೊಂಡದ್ದು ಮೆತ್ತಗೆ. ಅಪ್ಪ ಇನ್ನಿಲ್ಲ ಎಂದು ಹೇಳಿಕೊಂಡದ್ದೂ ಮೆತ್ತಗೆ. ಹಾಗಾಗಿ ಮಗನ ತಲೆಯೊಳಗೆ ಒಂದು ಲೆಕ್ಕ ಕೂತುಬಿಟ್ಟಿತು: ಜೋರು ದನಿ ಎಂದರೆ ಅಕ್ಕರೆ, ಮೆಲುದನಿ ಎಂದರೆ ಏನೋ ಕೆಟ್ಟದ್ದು ಬರುತ್ತಿದೆ.

ಹದಿನೆಂಟಕ್ಕೆ ಲಾಂಡ್ರಿ ಸೇರಿದ. ಮೂರು ಆಸ್ಪತ್ರೆ, ಎಂಟೊಂಬತ್ತು ಹೋಟೆಲುಗಳ ಬೆಡ್‌ಶೀಟು, ದಿಂಬಿನ ಕವರು, ಟವೆಲು ಒಗೆಯುವ ದೊಡ್ಡ ಶೆಡ್ಡು ಅದು. ಒಂದು ಬದಿಗೆ ಕುದುರೆಯನ್ನೇ ಒಳಗೆ ನಿಲ್ಲಿಸಬಹುದಾದಂಥ ಒಗೆಯುವ ಡ್ರಮ್ಮುಗಳು, ನಡುವೆ ನೀರು ಹಿಂಡುವ ಯಂತ್ರಗಳು, ಕೊನೆಯಲ್ಲಿ ರೋಲರ್. ರೋಲರ್ ಎಂದರೆ ಅಡ್ಡಕ್ಕೆ ಮಲಗಿಸಿದ ಕಾದ ಉರುಳೆ. ಈ ಕಡೆ ಇಬ್ಬರು ನಿಂತು ಒದ್ದೆ ಬೆಡ್‌ಶೀಟಿನ ಅಂಚು ಕೊಟ್ಟರೆ ಆ ಕಡೆಗೆ ಅದು ಹೊಸ ಕಾಗದದಂತೆ ಗರಿಗರಿಯಾಗಿ ಬರುತ್ತದೆ. ಅಲ್ಲಿ ಇನ್ನಿಬ್ಬರು ಹಿಡಿದು ಮಡಚುತ್ತಾರೆ. ಬಿಸಿಯೆಂದರೆ ಬಿಸಿ, ಸದ್ದೆಂದರೆ ಸದ್ದು. ಬೇರೆಯವರಿಗೆ ಮೊದಲ ವಾರ ತಲೆ ಸಿಡಿಯುತ್ತದೆ. ಗುಡುಗಪ್ಪನಿಗೆ ಮಾತ್ರ ತಾಯಿಯ ಮನೆಗೇ ಬಂದಂತಾಯಿತು.

ಅವನ ಎದುರು ಮಡಚಲು ನಿಂತವನು ಅವನದೇ ವಯಸ್ಸಿನ, ಅವನಿಗಿಂತ ಒಂದು ಗೇಣು ಎತ್ತರದ, ಮಾತು ಕಡಿಮೆಯ ಮನುಷ್ಯ. ಮಡಚುವ ಚೆಂದಕ್ಕೆ ಅವನಿಗೆ ಮಡಿಕೆ ಎಂದೇ ಹೆಸರು ಬಿತ್ತು. ಹೊಸಬರು ಬೇಕೆಂದೇ ಮಡಕೆ ಎಂದು ಕರೆದು ಒಂದು ಲೋಟ ನೀರು ಕೇಳುತ್ತಿದ್ದರು. ಅವನು ಹೋಗಿ ತುಂಬಿಸಿ ತಂದೇ ಕೊಡುತ್ತಿದ್ದ, ಕೇಳಿದವನಿಗೆ ಕುಡಿಯದೆ ವಿಧಿಯಿಲ್ಲ. ಬೆಡ್‌ಶೀಟು ಮಡಚುವುದು ನೋಡಲು ಒಂದು ಕುಣಿತದ ಹಾಗೆ. ಇಬ್ಬರೂ ಎರಡೆರಡು ಮೂಲೆ ಹಿಡಿದು ಬಿಗಿಯಾಗಿ ಎಳೆಯಬೇಕು, ಅಂಚಿಗೆ ಅಂಚು ಕೂಡಿಸಬೇಕು, ಎದುರುಬದುರು ನಡೆದು ಬರಬೇಕು, ಒಬ್ಬ ತನ್ನ ಮೂಲೆಗಳನ್ನು ಇನ್ನೊಬ್ಬನ ಕೈಗೆ ಒಪ್ಪಿಸಿ ಕೆಳಗೆ ಜೋತ ಮಡಿಕೆಯನ್ನು ಬಗ್ಗಿ ಎತ್ತಿಕೊಳ್ಳಬೇಕು, ಮತ್ತೆ ಹಿಂದಕ್ಕೆ. ದಿನಕ್ಕೆ ಆರುನೂರು ಸಲ ಅವರಿಬ್ಬರೂ ಹೀಗೆ ಎದುರಾಗಿ ಬೇರೆಯಾಗುತ್ತಿದ್ದರು. ಮೂವತ್ತೊಂದು ವರ್ಷ.

ಅಷ್ಟು ವರ್ಷವೂ ಗುಡುಗಪ್ಪ ಅವನನ್ನು ಲೇ ಎಂದಲ್ಲದೆ ಕರೆದಿರಲಿಲ್ಲ. ಲೇ ದಂಡಪಿಂಡ ಎಂದರೆ ಶೀಟು ಬಂತು ಎಂದರ್ಥ. ಲೇ ಕುಂಭಕರ್ಣ ಎಂದರೆ ರಾತ್ರಿ ನಿದ್ದೆ ಬರಲಿಲ್ಲವೇ ಎಂದರ್ಥ. ಮಡಿಕೆಯ ಹೆಂಡತಿ ತೀರಿಕೊಂಡು ಅವನು ಹನ್ನೊಂದು ದಿನ ಬಿಟ್ಟು ಕೆಲಸಕ್ಕೆ ಬಂದಾಗ ಇಡೀ ಶೆಡ್ಡು ಅವನ ಮುಖ ನೋಡಲಾರದೆ ತಲೆ ತಗ್ಗಿಸಿತ್ತು. ಗುಡುಗಪ್ಪನೊಬ್ಬನೇ, ಲೇ, ಹನ್ನೊಂದು ದಿನದಿಂದ ಈ ಹಾಳು ಶೀಟುಗಳನ್ನ ನಿಮ್ಮಜ್ಜ ಬಂದು ಮಡಚ್ತಿದ್ನಾ ಎಂದು ಕಿರುಚಿದ್ದ. ಮಡಿಕೆ ಹೋಗಿ ತನ್ನ ಮೂಲೆ ಹಿಡಿದು ನಿಂತ. ಅವತ್ತು ಅವನಿಗೆ ಬೇಕಾಗಿದ್ದದ್ದು ಅದೊಂದೇ ಎಂಬುದು ಗುಡುಗಪ್ಪನಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಇಲ್ಲಿ ಹಳೆಯ ಯಜಮಾನರ ಸಂಗತಿ ಒಂದಿಷ್ಟು ಹೇಳಲೇಬೇಕು. ಲಾಂಡ್ರಿ ಕಟ್ಟಿದವರು ಅವರು. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರನ್ನೂ ಬಾರೋ, ಹೋಗೇ ಎಂದೇ ಮಾತಾಡಿಸುವವರು. ಒಂದೇ ಒಂದು ಸಂದರ್ಭ ಬಿಟ್ಟು. ಯಾರನ್ನಾದರೂ ಕೆಲಸದಿಂದ ತೆಗೆಯುವ ದಿನ ಅವರ ದನಿ ಬೆಣ್ಣೆಯಾಗುತ್ತಿತ್ತು. ಮೂಲೆಯ ಗಾಜಿನ ಕೋಣೆಗೆ ಕರೆದು, ಬನ್ನಿ, ಕೂತ್ಕೊಳ್ಳಿ, ಮನೇಲೆಲ್ಲ ಆರಾಮಾ ಎಂದು ಕೇಳುತ್ತಿದ್ದರು. ಕೂತವನು ಏಳುವಾಗ ಕೆಲಸ ಇರುತ್ತಿರಲಿಲ್ಲ. ಹೀಗಾಗಿ ಲಾಂಡ್ರಿಯ ಮಾತಿನಲ್ಲಿ ಕೆಲಸ ಹೋಯಿತು ಎನ್ನುವುದಕ್ಕೆ ಬಹುವಚನ ಆಯಿತು ಎನ್ನುವುದೇ ರೂಢಿಯಾಯಿತು. ಬಾಯ್ಲರಿನವನು ಯಾಕೆ ಕಾಣ್ತಿಲ್ಲ ಎಂದರೆ, ಅಯ್ಯೋ, ಅವನಿಗೆ ಹೋದ ವಾರವೇ ಬಹುವಚನ ಆಯ್ತಲ್ಲ. ಯಜಮಾನರು ಹೋದರು, ಲಾಂಡ್ರಿ ಒಂದು ಕಂಪನಿಯ ಕೈಗೆ ಬಂತು, ಮ್ಯಾನೇಜರುಗಳು ಮೂರು ಜನ ಬದಲಾದರು. ಮಾತು ಮಾತ್ರ ಅಲ್ಲೇ ಉಳಿಯಿತು, ಗಾಜಿನ ಕೋಣೆಯೂ ಉಳಿಯಿತು.

ಎಂಟು ವರ್ಷದ ಹಿಂದೆ ಗುಡುಗಪ್ಪನನ್ನು ಮೇಲ್ವಿಚಾರಕನನ್ನಾಗಿ ಮಾಡಿದರು. ಅವನು ಸೀಟಿ ಮತ್ತು ಪುಸ್ತಕ ತೆಗೆದುಕೊಂಡ, ರೋಲರಿನ ಹಿಂದಿನ ಜಾಗ ಮಾತ್ರ ಬಿಡಲಿಲ್ಲ. ಅಲ್ಲಿಂದಲೇ ಕೂಗಿದರೆ ಸಾಕಲ್ಲ, ಓಡಾಡಿ ಚಪ್ಪಲಿ ಯಾಕೆ ಸವೆಸಲಿ ಎಂದ.

ಎರಡು ವರ್ಷದ ಹಿಂದೆ ಮಡಿಕೆಯ ಎಡಗೈ ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಮೂಲೆ ಜಾರುವುದು, ಅಂಚು ಒಂದು ಬೆರಳು ಆಚೆ ಕೂರುವುದು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೂಲೆ ಜಾರಿದ ತಕ್ಷಣ ಗುಡುಗಪ್ಪ, ಲೇ ಕೊರಡೇ, ಎಲ್ಲಿ ನೋಡ್ತಿದ್ದೀಯ ಎಂದು ಬೊಬ್ಬೆ ಹಾಕಿ ಶೀಟನ್ನು ತನ್ನ ಕಡೆಗೆ ಕಿತ್ತುಕೊಂಡು ತಾನೇ ಸರಿಮಾಡಿಬಿಡುತ್ತಿದ್ದ. ಬೊಬ್ಬೆ ಕೇಳಿದವರು ಗುಡುಗಪ್ಪನ ಮುಖ ನೋಡುತ್ತಿದ್ದರು, ಇವತ್ತು ಮನೆಯಲ್ಲಿ ಜಗಳವಾಗಿರಬೇಕು ಎಂದು ನಗುತ್ತಿದ್ದರು. ಮಡಿಕೆಯ ಕೈಯನ್ನು ಯಾರೂ ನೋಡುತ್ತಿರಲಿಲ್ಲ. ಕಾದ ಉರುಳೆಯ ಪಕ್ಕ ನಡುಗುವ ಕೈಯನ್ನು ಕಂಪನಿ ಇಟ್ಟುಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೆಂಡತಿ ಹೋದ ಮೇಲೆ ಮಡಿಕೆಗೆ ಹೊತ್ತು ಹೋಗುತ್ತಿದ್ದ ಜಾಗ ಅದೊಂದೇ ಎಂಬುದೂ ಗೊತ್ತಿತ್ತು. ಆ ಜಾಗ ತಪ್ಪಬಾರದು, ಅಷ್ಟೇ. ಎರಡು ವರ್ಷ ಗುಡುಗಪ್ಪ ಗಂಟಲಿನಲ್ಲಿ ಆ ಕೈಯನ್ನು ಮುಚ್ಚಿಟ್ಟಿದ್ದ.

ಆದರೆ ಅದೇ ಗಂಟಲು ಎಲ್ಲರ ಮೇಲೂ ಹರಿಯುತ್ತಿತ್ತಲ್ಲ. ಟವೆಲಿನ ಮೇಜಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಒಂದು ದಿನ ಆಸ್ಪತ್ರೆಯ ಗಂಟಿನಿಂದ ತೆಗೆದ ಶೀಟೊಂದನ್ನು ಹಿಡಿದು ಸುಮ್ಮನೆ ನಿಂತಿದ್ದಳು. ಗುಡುಗಪ್ಪ ಹಿಂದಿನಿಂದ ಹೋಗಿ, ಏನಮ್ಮ, ಅದರಲ್ಲಿ ಸಿನಿಮಾ ತೋರಿಸ್ತಿದ್ದಾರಾ ಎಂದು ಗುಡುಗಿದ. ಅವಳು ಶೀಟು ಕೆಳಗೆ ಹಾಕಿ ಹೊರಗೆ ಹೋದಳು. ಅದು ಅವಳ ಗಂಡ ಮಲಗಿದ್ದ ವಾರ್ಡಿನ ಗುರುತಿದ್ದ ಶೀಟು, ಅವನು ಸತ್ತು ಇನ್ನೂ ತಿಂಗಳಾಗಿರಲಿಲ್ಲ ಎಂಬುದನ್ನು ಗುಂಡಿಯಕ್ಕ ಹೇಳಿದಳು. ಸಮವಸ್ತ್ರಗಳಿಗೆ ಬಿದ್ದುಹೋದ ಗುಂಡಿ ಹೊಲಿಯುತ್ತ ಕಿಟಕಿಯ ಪಕ್ಕ ಕೂರುವವಳು ಅವಳು. ಲಾಂಡ್ರಿಯಲ್ಲಿ ಗುಡುಗಪ್ಪನಿಗೆ ಎದುರಾಡುವ ಒಂದೇ ಜೀವ.

"ನಿನ್ನ ಬೈಗುಳ ಮಡಿಕೆಗೆ ಹಾಲು ಕುಡಿದ ಹಾಗೆ ಕಣಪ್ಪ. ಎಲ್ಲರ ಹೊಟ್ಟೆಗೂ ಅದು ಆಗಿಬರಲ್ಲ," ಎಂದಳು ಗುಂಡಿಯಕ್ಕ. "ಈ ಸಲ ನಾನೇ ಕಂಪ್ಲೇಂಟ್ ಬರೆಸಿದ್ದೀನಿ. ಬೇಕಾದ್ರೆ ನನ್ನನ್ನೂ ಬೈಯಿ."

ಅವನು ಬೈಯಲಿಲ್ಲ. ಅವತ್ತು ಊಟದ ಡಬ್ಬಿ ತೆರೆಯಲೂ ಇಲ್ಲ.

ಹೊಸ ಮ್ಯಾನೇಜರ್ ಅವನನ್ನು ಐದು ದಿನದ ತರಬೇತಿಗೆ ಕಳಿಸಿದ. ಕೆಲಸದ ಜಾಗದಲ್ಲಿ ತನ್ನ ಮನಸ್ಸನ್ನೂ ಇನ್ನೊಬ್ಬರ ಮನಸ್ಸನ್ನೂ ಅರಿತು ನಡೆಯುವುದು ಹೇಗೆಂದು ಹೇಳಿಕೊಡುವ ತರಬೇತಿ. ಗುಡುಗಪ್ಪನಿಗೆ ನಾಚಿಕೆ. ಐವತ್ತರ ಹತ್ತಿರ ಬಂದು ಮನುಷ್ಯರೊಂದಿಗೆ ಮಾತಾಡುವುದನ್ನು ಕಲಿಯಲು ಹೋಗುತ್ತಿದ್ದೇನೆ ಎಂದು ಯಾರ ಮುಂದೆ ಹೇಳುವುದು? ಹೊಸ ಯಂತ್ರ ನೋಡಿಬರಲು ಕಳಿಸುತ್ತಿದ್ದಾರೆ ಎಂದು ಶೆಡ್ಡಿನಲ್ಲಿ ಸಾರಿದ. ಮಡಿಕೆಗೂ ಅದನ್ನೇ ಹೇಳಿ, ತಾನಿಲ್ಲದ ಆ ಐದು ದಿನ ಅವನಿಗೂ ರಜೆ ಬರೆದ.

ಮೊದಲ ದಿನ ಒಂದು ಪರೀಕ್ಷೆ. ಕಾಗದದ ಮೇಲೆ ಮೂವತ್ತು ಮುಖಗಳು. ಯಾವುದು ಸಿಟ್ಟು, ಯಾವುದು ಭಯ, ಯಾವುದು ನೋವು ಎಂದು ಗುರುತು ಹಾಕಬೇಕು. ಗುಡುಗಪ್ಪ ಒಂಬತ್ತು ಸರಿ ಮಾಡಿದ. ಅವನು ಜನರನ್ನು ಓದುತ್ತಿದ್ದದ್ದು ಮೂಲೆ ಹಿಡಿದ ಕೈಯಲ್ಲಿ, ಹೆಜ್ಜೆಯ ತೂಕದಲ್ಲಿ, ಶೀಟಿನ ಬಿಗಿಯಲ್ಲಿ. ಆ ಕಾಗದದ ಮುಖಗಳಿಗೆ ಕೈಯೂ ಇರಲಿಲ್ಲ, ಕಾಲೂ ಇರಲಿಲ್ಲ. ಕೆಳಗೆ ಷರಾ ಬರೆದಿತ್ತು: ಭಾವನಾತ್ಮಕ ಬುದ್ಧಿವಂತಿಕೆ ಕಡಿಮೆ. ಅದನ್ನು ಎಂಟು ಮಡಿಕೆ ಮಾಡಿ ಚೀಲದ ತಳಕ್ಕೆ ಹಾಕಿದ.

ಕಲಿಸಿದ ಮೇಡಂ ಒಳ್ಳೆಯವಳು, ಅದನ್ನು ಹೇಳದಿದ್ದರೆ ಅನ್ಯಾಯ. ಮಾತಿನಲ್ಲಿ ಹಮ್ಮಿರಲಿಲ್ಲ. ದನಿ ತಗ್ಗಿಸಿ ಎಂದಳು. ಎದುರಿಗಿರುವವರಿಗೆ ಏನನ್ನಿಸುತ್ತಿದೆಯೋ ಅದನ್ನು ಬಾಯಿಬಿಟ್ಟು ಹೇಳಿ, ಅವರಿಗೆ ಹಗುರವಾಗುತ್ತದೆ ಎಂದಳು. ಕಷ್ಟದ ವಿಷಯವನ್ನು ನಾಲ್ಕು ಜನರ ಮುಂದೆ ಎತ್ತಬೇಡಿ. ಸದ್ದಿಲ್ಲದ ಕೋಣೆಗೆ ಕರೆಯಿರಿ, ಕೂರಿಸಿ, ಒಂದು ಲೋಟ ನೀರು ಕೊಡಿ. ನೀವೇ ಪರಿಹಾರ ಹೇಳಲು ಆತುರಪಡಬೇಡಿ, ಅವರು ಮಾತಾಡುವ ತನಕ ಕಾಯಿರಿ. ಕೆಳಗಿನವರನ್ನು ಏಕವಚನದಲ್ಲಿ ಕರೆಯುವುದನ್ನು ಇವತ್ತಿನಿಂದಲೇ ಬಿಡಿ. ಗುಡುಗಪ್ಪ ಎದ್ದು ನಿಂತು, ಮೂವತ್ತು ವರ್ಷದಿಂದ ಲೇ ಎಂದು ಕರೆದವನೊಬ್ಬ ಇದ್ದಾನೆ, ಅವನನ್ನೂ ಬಿಡಬೇಕೇ ಎಂದು ಕೇಳಿದ. ಮೇಡಂ ಸ್ವಲ್ಪ ಯೋಚಿಸಿ, ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಗೌರವ ಕೊಟ್ಟರೆ ಆ ಒಬ್ಬರಿಗೆ ಏನನ್ನಿಸಬಹುದು, ನೀವೇ ಹೇಳಿ ಎಂದಳು. ಗುಡುಗಪ್ಪನಿಗೆ ಅದು ಸರಿ ಎನಿಸಿತು. ನನ್ನ ಮಡಿಕೆ ಯಾರಿಗೇನು ಕಡಿಮೆ ಎಂದು ಕೂತ.

ಮನೆಗೆ ಬಂದು ಹೆಂಡತಿಯ ಮೇಲೆ ಪ್ರಯೋಗ ಮಾಡಿದ. ಅವಳು ಪಾತ್ರೆ ತೊಳೆಯುತ್ತಿದ್ದಳು. ಪಕ್ಕದಲ್ಲಿ ನಿಂತು, ನಿನಗೆ ಇವತ್ತು ದಣಿವಾಗಿದೆ ಎಂದು ನನಗೆ ಅನಿಸುತ್ತಿದೆ ಎಂದ, ಮೆಲ್ಲಗೆ, ಹೇಳಿಕೊಟ್ಟ ಹಾಗೆಯೇ. ಅವಳು ಕೈ ಒರೆಸಿಕೊಂಡು ಅವನ ಹಣೆ ಮುಟ್ಟಿ ನೋಡಿದಳು.

"ಯಾಕ್ರೀ? ಡಾಕ್ಟರ ಹತ್ರ ಹೋಗಿದ್ರಾ? ಏನಂದ್ರು, ನನ್ನ ಹತ್ರ ಮುಚ್ಚಿಡಬೇಡಿ."

ಅವನು ನಕ್ಕುಬಿಟ್ಟ. ಅವಳಿಗೆ ಮಾತ್ರ ತರಬೇತಿಯ ಸಂಗತಿ ಹೇಳಿದ, ಅವಳೂ ನಕ್ಕಳು. ಆ ನಗುವಿನಲ್ಲಿ ಒಂದು ಎಚ್ಚರಿಕೆ ಇತ್ತು. ಇಬ್ಬರಿಗೂ ಅದು ಕೇಳಿಸಲಿಲ್ಲ.

ಸೋಮವಾರ ಅವನು ಮೊದಲು ಹೋದದ್ದು ಟವೆಲಿನ ಮೇಜಿಗೆ. ಅವತ್ತು ನಾನು ಹಾಗೆ ಅಂದದ್ದು ತಪ್ಪು, ನಿಮ್ಮ ನೋವು ನನಗೆ ಕಾಣಲಿಲ್ಲ, ಕ್ಷಮಿಸಿ ಎಂದ. ಆ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಮರುದಿನ ಅವಳೇ ಮೊದಲು ಅವನಿಗೆ ನಮಸ್ಕಾರ ಹೇಳಿದಳು. ಗುಂಡಿಯಕ್ಕ ಕನ್ನಡಕದ ಮೇಲಿನಿಂದ ನೋಡಿ, ಪರವಾಗಿಲ್ವೇ, ಯಂತ್ರ ನೋಡೋಕೆ ಹೋದವನು ಮನುಷ್ಯನಾಗಿ ಬಂದಿದ್ದಾನೆ ಎಂದಳು. ಹಾಗೆ ನೋಡಿದರೆ ತರಬೇತಿ ಸುಳ್ಳಾಗಲಿಲ್ಲ. ಬಾಯ್ಲರಿನವರು, ಗಂಟು ಬಿಚ್ಚುವವರು, ವ್ಯಾನಿನವರು ಎಲ್ಲರ ಭುಜವೂ ಒಂದು ಇಂಚು ಕೆಳಗಿಳಿಯಿತು.

ಆಮೇಲೆ ಅವನು ರೋಲರಿನ ಹಿಂದೆ ಹೋಗಿ ತನ್ನ ಜಾಗದಲ್ಲಿ ನಿಂತು, "ನಮಸ್ಕಾರ. ಹೇಗಿದ್ದೀರಿ?" ಎಂದ.

ಮಡಿಕೆ ತನ್ನ ಬೆನ್ನ ಹಿಂದೆ ಯಾರು ಬಂದರೆಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

ಶೀಟು ಬರತೊಡಗಿತು. ಹತ್ತನೆಯದರಲ್ಲೋ ಹನ್ನೆರಡನೆಯದರಲ್ಲೋ ಮೂಲೆ ಜಾರಿತು. ಗುಡುಗಪ್ಪನ ಬಾಯಿಗೆ ಬಂದ ಕೊರಡು ಅಲ್ಲೇ ನಿಂತಿತು. ಅವನು ಕಾದ, ನಕ್ಕ, ಪರವಾಗಿಲ್ಲ, ನಿಧಾನವಾಗಿ ಮಾಡಿ ಎಂದ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ರೋಲರಿನ ಹಿಂದೆ ಬೊಬ್ಬೆ ಏಳಲಿಲ್ಲ. ಆ ಮೌನಕ್ಕೇ ಜನ ತಿರುಗಿ ನೋಡಿದರು. ನೋಡಿದವರ ಕಣ್ಣಿಗೆ ಮಡಿಕೆಯ ಎಡಗೈ ಬಿತ್ತು, ಗಾಳಿಗೆ ಸಿಕ್ಕ ಎಲೆಯ ಹಾಗೆ.

ಮಂಗಳವಾರವೂ ಹೀಗೆ. ಬುಧವಾರ ಗುಡುಗಪ್ಪ ಏನೋ ಕೇಳಿದ್ದಕ್ಕೆ ಮಡಿಕೆ, ಸರಿ ಸಾರ್ ಎಂದ. ಆ ಸಾರ್ ಗುಡುಗಪ್ಪನಿಗೆ ಹಿಡಿಸಲಿಲ್ಲ. ಆದರೆ ಮೇಡಂ ಹೇಳಿದ್ದಳು, ಗೌರವ ಕೊಟ್ಟರೆ ಗೌರವ ಮರಳಿ ಬರುತ್ತದೆ, ಮೊದಮೊದಲು ಇಬ್ಬರಿಗೂ ಮುಜುಗರವಾಗುತ್ತದೆ ಎಂದು. ಇದು ಆ ಮುಜುಗರವೇ ಇರಬೇಕು ಎಂದುಕೊಂಡ.

ಜನ ಕೈ ನೋಡತೊಡಗಿದ್ದು ಅವನಿಗೂ ಗೊತ್ತಾಗಿತ್ತು. ಏನಾದರೂ ಮಾಡಲೇಬೇಕಿತ್ತು. ಅವನು ಒಂದು ಉಪಾಯ ಹುಡುಕಿದ್ದ. ತಾವಿಬ್ಬರೂ ಜಾಗ ಅದಲುಬದಲು ಮಾಡಿಕೊಂಡರೆ ಮಡಿಕೆಯ ಎಡಗೈ ಗೋಡೆಯ ಕಡೆಗೆ ಬರುತ್ತದೆ. ಮೂಲೆ ಒಪ್ಪಿಸುವ ಕೆಲಸ ತನ್ನದು, ಬರೀ ಹಿಡಿದುಕೊಳ್ಳುವುದು ಅವನದು. ಬಲಗೈ ಒಂದರಲ್ಲೇ ಇನ್ನೂ ಐದಾರು ವರ್ಷ ತಳ್ಳಬಹುದು. ಎರಡು ವರ್ಷದಿಂದ ಆಡದೇ ಇದ್ದ ಮಾತನ್ನು ಈಗ ಆಡಲೇಬೇಕು, ಆದರೆ ಹೇಳಿಕೊಟ್ಟ ಹಾಗೆ, ಮನಸ್ಸು ನೋಯದ ಹಾಗೆ. ಸದ್ದಿಲ್ಲದ ಕೋಣೆ ಎಂದು ಲಾಂಡ್ರಿಯಲ್ಲಿ ಇದ್ದದ್ದು ಒಂದೇ.

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು, ಇಡೀ ಶೆಡ್ಡು ನೋಡುತ್ತಿದ್ದಂತೆ, ಮೆಲುದನಿಯಲ್ಲಿ ಕರೆದ.

"ಬನ್ನಿ. ಕೂತ್ಕೊಳ್ಳಿ. ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು."

ಗುಂಡಿಯಕ್ಕನ ಸೂಜಿ ನಿಂತಿತು. ಮಡಿಕೆ ಕೈ ತೊಳೆದುಕೊಂಡು, ಒರೆಸಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಬಂದ. ಕುರ್ಚಿಯ ತುದಿಯಲ್ಲಿ ಕೂತ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡ. ಗುಡುಗಪ್ಪ ಬಾಗಿಲು ಹಾಕಿ, ಒಂದು ಲೋಟ ನೀರನ್ನು ಅವನ ಮುಂದಿಟ್ಟ. ಬಾಗಿಲು ಹಾಕಿದರೆ ಆ ಕೋಣೆಯೊಳಗೆ ಯಂತ್ರದ ಸದ್ದು ದೂರದ ಊರಿನದೆಂಬಂತೆ ಕೇಳುತ್ತದೆ.

"ನಿಮ್ಮ ಕೈ ಬಗ್ಗೆ ನಿಮಗೆ ಬೇಸರ ಇದೆ ಅಂತ ನನಗೆ ಅರ್ಥ ಆಗ್ತಿದೆ," ಎಂದ ಗುಡುಗಪ್ಪ.

ಆಮೇಲೆ ಕಾದ. ಆತುರಪಡಬಾರದು, ಪರಿಹಾರವನ್ನು ತಾನಾಗಿ ಹೇಳಬಾರದು, ಎದುರಿನವರು ಮಾತಾಡಬೇಕು. ಜಾಗ ಬದಲಿಸುವ ಉಪಾಯ ನಾಲಿಗೆಯ ತುದಿಯಲ್ಲೇ ಕೂತಿತ್ತು. ಮಡಿಕೆ ಲೋಟ ನೋಡುತ್ತಿದ್ದ. ಎತ್ತಿಕೊಂಡರೆ ಚೆಲ್ಲುತ್ತದೆ ಎಂದು ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ತಲೆ ಎತ್ತಿದಾಗ ಅವನ ಮುಖದಲ್ಲಿ ಒಂದು ಬಗೆಯ ಕನಿಕರವಿತ್ತು, ತನ್ನ ಮೇಲಿನದಲ್ಲ.

"ಪರವಾಗಿಲ್ಲ," ಎಂದ. "ಅರ್ಥ ಆಯ್ತು. ನೀವು ಬೇಜಾರು ಮಾಡ್ಕೋಬೇಡಿ."

ಎದ್ದು ಹೋದ. ಗುಡುಗಪ್ಪನಿಗೆ ಬೆವರು ಬಿಟ್ಟು ಹಗುರವಾಯಿತು. ಅಷ್ಟು ಕಷ್ಟದ ಮಾತನ್ನು ಒಂದೂ ಬೈಗುಳವಿಲ್ಲದೆ ಆಡಿದ್ದೇನೆ, ಅವನಿಗೆ ಅರ್ಥವೂ ಆಗಿದೆ; ಉಪಾಯವನ್ನು ನಾಳೆ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡ. ಮಡಿಕೆ ಉಳಿದ ಮಧ್ಯಾಹ್ನವೆಲ್ಲ ಚೆನ್ನಾಗಿಯೇ ಮಡಚಿದ. ಹೋಗುವಾಗ ಗುಂಡಿಯಕ್ಕನ ಕಿಟಕಿಯ ಬಳಿ ಒಂದು ನಿಮಿಷ ನಿಂತ.

ಶುಕ್ರವಾರ ಬೆಳಿಗ್ಗೆ ಅವನ ಜಾಗ ಖಾಲಿ ಇತ್ತು. ಹತ್ತು ಗಂಟೆಗೆ ಮ್ಯಾನೇಜರ್ ಮಹಡಿಯ ಆಫೀಸಿಗೆ ಕರೆಸಿ ಒಂದು ಕಾಗದ ತೋರಿಸಿದ. ಮಡಿಕೆಯ ಕೈಬರಹ, ಬಲಗೈಯದು, ದುಂಡಗೆ, ಅಂಚಿಗೆ ಅಂಚು ಕೂಡಿಸಿದ ಹಾಗೆ. ನನ್ನ ಎಡಗೈ ಎರಡು ವರ್ಷದಿಂದ ನಡುಗುತ್ತದೆ. ರೋಲರಿನ ಹತ್ತಿರ ನಿಲ್ಲಲು ಯೋಗ್ಯವಲ್ಲ. ಇದನ್ನು ನಾನೇ ಮುಚ್ಚಿಟ್ಟಿದ್ದೆ, ಮೇಲ್ವಿಚಾರಕರಿಗೆ ತಿಳಿದಿರಲಿಲ್ಲ. ಆದ್ದರಿಂದ ಕೆಲಸ ಬಿಡುತ್ತಿದ್ದೇನೆ.

ಗುಡುಗಪ್ಪ, ಇದನ್ನು ಹರಿದುಹಾಕಿ ಸಾರ್, ಏನೋ ತಪ್ಪಾಗಿದೆ, ನಾನು ಹೋಗಿ ಕರೆದುಕೊಂಡು ಬರುತ್ತೇನೆ ಎಂದ. ಮ್ಯಾನೇಜರ್ ಕೆಟ್ಟವನಲ್ಲ. ಕರೆದುಕೊಂಡು ಬಂದು ಏನು ಮಾಡುತ್ತೀರಿ ಎಂದು ಕೇಳಿದ. ನಡುಗುತ್ತದೆ ಎಂದು ಅವರೇ ಬರೆದುಕೊಟ್ಟ ಮೇಲೆ ಅವರನ್ನು ರೋಲರಿನ ಪಕ್ಕ ನಿಲ್ಲಿಸುವ ಹಾಗಿಲ್ಲ, ಶೆಡ್ಡಿನೊಳಗೆ ಕೂಡ ಬಿಡುವ ಹಾಗಿಲ್ಲ. ನಾಳೆ ಕೈ ಒಳಗೆ ಹೋದರೆ ಯಾರು ಉತ್ತರ ಕೊಡುವುದು? ಆಮೇಲೆ ದನಿ ತಗ್ಗಿಸಿ, ಒಂದು ಮಾತು ಹೇಳಲೇಬೇಕು ಎಂದ.

"ನಿನ್ನೆ ನೀವು ಅವರನ್ನ ಒಳಗೆ ಕೂರಿಸಿಕೊಂಡು ಮಾತಾಡಿದ್ದು ನೋಡಿದೆ. ಬಹಳ ಸೂಕ್ಷ್ಮವಾಗಿ ನಿಭಾಯಿಸಿದ್ರಿ. ನನಗಾಗಿದ್ರೆ ಆಗ್ತಿರಲಿಲ್ಲ."

ಗುಡುಗಪ್ಪ ಕೆಳಗೆ ಬಂದರೆ ಗುಂಡಿಯಕ್ಕ ಅವನತ್ತ ನೋಡಲಿಲ್ಲ. ಅವನನ್ನು ಕೆಲಸದಿಂದ ತೆಗೆಯಲು ನಿನಗೇ ಹೇಳಿದರಾ, ನಿನ್ನ ಕೈಯಲ್ಲೇ ಅದನ್ನು ಮಾಡಿಸಿದರಾ ಎಂದು ಸೂಜಿಗೆ ಕೇಳಿದ ಹಾಗೆ ಕೇಳಿದಳು. ಯಾವ ಕೆಲಸ, ಯಾರು ತೆಗೆದದ್ದು ಎಂದ ಅವನು. ಬಹುವಚನ ಮಾಡಿದ್ದು ನಾನಾ ನೀನಾ ಎಂದಳು ಅವಳು. ಆಗ, ಆ ನಿಂತ ನಿಲುವಿನಲ್ಲಿ, ಗುಡುಗಪ್ಪನಿಗೆ ಸೋಮವಾರದಿಂದ ಗುರುವಾರದ ತನಕ ತಾನು ಆಡಿದ ಒಂದೊಂದು ಮಾತೂ ಹಳೆಯ ಯಜಮಾನರ ದನಿಯಲ್ಲಿ ಕೇಳಿಸಿತು.

ಅರ್ಧ ದಿನ ರಜೆ ಹಾಕಿ ಓಡಿದ. ಮಡಿಕೆ ಇದ್ದದ್ದು ಮಗಳ ಮನೆಯ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ. ಕೆಳಗೆ ಸೈಕಲ್ ರಿಪೇರಿ ಅಂಗಡಿ, ಮೇಲೆ ಹದಿನಾಲ್ಕು ಕಡಿದಾದ ಮೆಟ್ಟಿಲು. ಮಂಚ, ಒಂದು ಕುರ್ಚಿ, ಮೊಳೆಗೆ ನೇತುಹಾಕಿದ ಕನ್ನಡಿ. ಮಂಚದ ಮೇಲಿನ ಹಾಸಿಗೆಯಲ್ಲಿ ಒಂದು ಸುಕ್ಕೂ ಇರಲಿಲ್ಲ.

"ಲೇ, ಏನೋ ಮಾಡಿದ್ದೀಯ ನೀನು?" ಎಂದು ಗುಡುಗಪ್ಪ ಬಾಗಿಲಲ್ಲೇ ಕೇಳಿದ.

"ಕೂತ್ಕೋ," ಎಂದ ಮಡಿಕೆ. "ಮೆಟ್ಟಿಲು ಹತ್ತಿ ಏದುಸಿರು ಬಿಡ್ತಿದ್ದೀಯ. ಕೆಲಸ ಬಿಡು ಅನ್ನೋದನ್ನ ನಿನ್ನ ಬಾಯಲ್ಲಿ ಹೇಳಿಸಬಾರದು ಅನ್ನಿಸ್ತು, ಅಷ್ಟೇ. ನಾಲ್ಕು ದಿನದಿಂದ ಒದ್ದಾಡ್ತಿದ್ದೆ ನೀನು, ಹೇಳೋಕಾಗದೆ. ನನಗೆ ಕಾಣಲ್ವಾ? ಒಳಗೆ ಕರೆದು ಕೂರಿಸಿ ಒಂದು ಮಾತು ಅಂದು ಅಲ್ಲೇ ನಿಂತುಬಿಟ್ಟೆ. ಮುಂದಿನದನ್ನ ನಾನೇ ಬರೆದುಕೊಟ್ಟೆ."

ಗುಡುಗಪ್ಪ ತರಬೇತಿಯ ವಿಷಯವನ್ನೆಲ್ಲ ಹೇಳಿದ. ಮೂವತ್ತು ಮುಖಗಳನ್ನು, ಒಂಬತ್ತು ಅಂಕವನ್ನು, ಮೇಡಂ ಹೇಳಿಕೊಟ್ಟದ್ದನ್ನು, ಜಾಗ ಅದಲುಬದಲು ಮಾಡುವ ಉಪಾಯವನ್ನು. ಹೇಳುತ್ತ ಹೇಳುತ್ತ ದನಿ ಏರಿತು, ಕೆಳಗಿನ ಅಂಗಡಿಯಲ್ಲಿ ಗಾಳಿ ಹೊಡೆಯುವ ಪಂಪು ನಿಂತಿತು. ಮಡಿಕೆ ಮೊದಲು ಸ್ವಲ್ಪ ನಕ್ಕ. ನಡುವೆ ನಗು ಹೋಯಿತು.

"ತರಬೇತಿಗೆ ಹೋಗ್ತೀನಿ ಅಂತ ನನಗೊಂದು ಮಾತು ಹೇಳಬಾರದಿತ್ತಾ?"

"ನಾಚಿಕೆ ಆಯ್ತು ಕಣೋ."

"ನನ್ನ ಹತ್ರವಾ?"

ಎರಡು ವರ್ಷ ಒಬ್ಬನ ಕೈಯನ್ನು ಮುಚ್ಚಿಟ್ಟವನು ಐದು ದಿನದ ತನ್ನ ನಾಚಿಕೆಯನ್ನು ಅವನಿಂದಲೇ ಮುಚ್ಚಿಟ್ಟಿದ್ದ. ಗುಡುಗಪ್ಪ ಬೈಗುಳಕ್ಕೆ ಕೈಹಾಕಿದ. ಎದ್ದೇಳೋ ದಂಡಪಿಂಡ, ನಡಿ, ಆ ಕಾಗದಾನ ಇಬ್ಬರೂ ಹೋಗಿ ಕಿತ್ತು ಬಿಸಾಕೋಣ ಎಂದು ಕೂಗಿದ. ಮಡಿಕೆ ಅಲುಗಲಿಲ್ಲ.

"ಬೇಡ ಕಣೋ. ಬರೆದಿದ್ದು ನಿಜವೇ ತಾನೇ. ಅಳಿಸೋಕಾಗಲ್ಲ," ಎಂದ. ಆಮೇಲೆ, "ಬೈಯಲೂ ಬೇಡ. ಮೊದಲು ನೀನು ಬೈದ್ರೆ ಬೈದ ಅಂತಿತ್ತು. ಈಗ ಬೈದ್ರೆ, ಪಾಪ ಅಂತ ಬೈತಿದ್ದಾನೆ ಅನ್ನಿಸುತ್ತೆ," ಎಂದ.

ಗುಡುಗಪ್ಪ ಮರುದಿನ ಕೆಲಸಕ್ಕೆ ಹೋದ. ಅವನ ಎದುರಿಗೆ ಬೇರೊಬ್ಬನನ್ನು ನಿಲ್ಲಿಸಿದರು. ಕೆಲಸ ಬಲ್ಲವನು, ಎರಡೂ ಕೈ ಗಟ್ಟಿ. ಒಂದು ಮೂಲೆಯೂ ಜಾರುವುದಿಲ್ಲ. ಗುಡುಗಪ್ಪ ಅವನನ್ನು ನೀವು ಎಂದೇ ಮಾತಾಡಿಸುತ್ತಾನೆ, ದನಿ ಏರಿಸುವುದಿಲ್ಲ, ಯಾರ ಮನೆಯಲ್ಲಿ ಏನು ಕಷ್ಟವೆಂದು ಕೇಳಿ ತಿಳಿದುಕೊಳ್ಳುತ್ತಾನೆ. ಟವೆಲಿನ ಮೇಜಿನ ಹೆಂಗಸು, ಇಂಥ ಮೇಲ್ವಿಚಾರಕರು ಸಿಗುವುದು ಪುಣ್ಯ ಎಂದು ಹೊಸದಾಗಿ ಬಂದವರಿಗೆ ಹೇಳುತ್ತಾಳೆ. ಅದು ಸುಳ್ಳಲ್ಲ. ಹೊಸಬರಿಗೆ ಅವನನ್ನು ಗುಡುಗಪ್ಪ ಎಂದು ಯಾಕೆ ಕರೆಯುತ್ತಾರೆ ಎಂದೇ ಗೊತ್ತಾಗುವುದಿಲ್ಲ.

ವಾರದ ರಜೆಯಲ್ಲಿ ಆ ಹದಿನಾಲ್ಕು ಮೆಟ್ಟಿಲು ಹತ್ತುತ್ತಿದ್ದ. ಮಡಿಕೆ ಅವನಿಗೆ ಕುರ್ಚಿ ಕೊಟ್ಟು ತಾನು ಮಂಚದ ಮೇಲೆ ಕೂರುತ್ತಿದ್ದ, ಎಡಗೈಯ ಮೇಲೆ ಒಂದು ಟವೆಲು ಹಾಕಿಕೊಂಡು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಏನಾದರೂ ಮಾಡಬಹುದಿತ್ತು. ಯಂತ್ರದ ಸದ್ದಿಲ್ಲದ ಜಾಗದಲ್ಲಿ, ನಡುವೆ ಒಂದು ಶೀಟೂ ಇಲ್ಲದೆ, ಎದುರುಬದುರು ಕೂತು ಅವರಿಬ್ಬರೂ ಯಾವತ್ತೂ ಮಾತಾಡಿರಲಿಲ್ಲ ಎಂಬುದು ಆ ಕೋಣೆಯಲ್ಲಿ ಗೊತ್ತಾಯಿತು.

"ಮತ್ತೆ?" ಎನ್ನುತ್ತಿದ್ದ ಮಡಿಕೆ.

"ಮತ್ತೇನಿಲ್ಲ," ಎನ್ನುತ್ತಿದ್ದ ಗುಡುಗಪ್ಪ. ಸ್ವಲ್ಪ ಹೊತ್ತು ಕಳೆದು ಅವನು, "ಮತ್ತೆ?" ಎನ್ನುತ್ತಿದ್ದ.

"ಮತ್ತೇನಿಲ್ಲ."

ಮೂರನೆಯ ವಾರ ಚಹಾ ತಂದ ಮಗಳು, ಏನು ಮಾವ, ಇಬ್ಬರೂ ಇಷ್ಟು ಮೆತ್ತಗೆ ಮಾತಾಡ್ತೀರಿ, ಕೆಳಗೆ ನೀವು ಬಂದದ್ದೇ ಗೊತ್ತಾಗಲ್ಲ ಎಂದಳು. ಇಬ್ಬರೂ ಲೋಟದೊಳಗೆ ನೋಡಿದರು. ಮಡಿಕೆಯ ಲೋಟದಲ್ಲಿ ಅರ್ಧವೇ ಹಾಕಿದ್ದಳು.

ನಾಲ್ಕನೆಯ ವಾರ ಗುಡುಗಪ್ಪ ಒಗೆದ ಅಂಗಿ ತೊಟ್ಟು ತಲೆ ಬಾಚಿಕೊಂಡು ಮನೆಯ ಹೊಸ್ತಿಲಲ್ಲಿ ಕೂತ. ಬಿಸಿಲು ಎದುರು ಗೋಡೆಯಿಂದ ಇಳಿದು ಬೀದಿಯ ಮಧ್ಯಕ್ಕೆ ಬಂತು. ಹೆಂಡತಿ ಒಳಗಿನಿಂದ ಬಂದು, ಹೋಗಲ್ವಾ, ಹೊತ್ತಾಯ್ತಲ್ಲ ಎಂದು ಕೇಳಿದಳು. ಮುಂದಿನ ವಾರ ಹೋದರಾಯಿತು ಎಂದ ಅವನು, ಅವಳಿಗೆ ಎರಡನೆಯ ಸಲ ಕೇಳಬೇಕಾಗುವಷ್ಟು ಮೆಲ್ಲಗೆ. ಎದ್ದು ಒಳಗೆ ಹೋಗಿ ಅಂಗಿ ಬಿಚ್ಚಿ ಮೊಳೆಗೆ ಹಾಕಿದ.